ಗಾಜಿಗೆ ತೂತು ಕೊರೆಯುವ ಮುನ್ನ: ಮನೆಯೊಳಗೊಂದು ಹವಳದ ದಿಬ್ಬ

ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಕಟ್ಟಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಲೈಟಿನ ಬಗ್ಗೆ: ಯಾವುದು ಒಳ್ಳೆಯದು, ಎಷ್ಟು ವ್ಯಾಟ್, ಎಷ್ಟು ನೀಲಿ. ಲೈಟು ಹಿಡಿಸದಿದ್ದರೆ ಮುಂದಿನ ವರ್ಷ ಬಿಚ್ಚಿ ಬೇರೆಯದನ್ನು ತೂಗುಹಾಕಬಹುದು. ಪಂಪು ಸದ್ದು ಮಾಡಿದರೆ ಅದನ್ನೂ ಬದಲಿಸಬಹುದು. ಆದರೆ ನೀರು ತುಂಬಿದ ಟ್ಯಾಂಕನ್ನು ಒಂದು ಗೇಣು ಆಚೆ ಸರಿಸಲಾಗದು. ಗಾಜಿಗೆ ಕೊರೆದ ತೂತಿನ ಜಾಗ ಬದಲಿಸಲಾಗದು. ನೆಲ ಬಾಗತೊಡಗಿದ ಮೇಲೆ ಅದಕ್ಕೆ ಬಲ ಕೊಡುವುದಂತೂ ದೂರದ ಮಾತು. ಆದ್ದರಿಂದ ಇಂಥ ಟ್ಯಾಂಕಿನ ಯೋಜನೆಗೆ ನಾನು ಒಪ್ಪುವ ಕ್ರಮ ಒಂದೇ: ಆಮೇಲೆ ತಿದ್ದಲಾಗದ್ದನ್ನು ಮೊದಲು ತೀರ್ಮಾನಿಸಿ, ತಿದ್ದಬಹುದಾದ್ದನ್ನೆಲ್ಲ ಕೊನೆಗೆ ಬಿಡಿ.

ಅದಕ್ಕೂ ಹಿಂದಿನ ಪ್ರಶ್ನೆ ಇನ್ನೊಂದಿದೆ. ಈ ನೀರಿನಲ್ಲಿ ಯಾರು ಬದುಕಬೇಕು? ‘ಮೊದಲು ಟ್ಯಾಂಕ್ ಬರಲಿ, ಆಮೇಲೆ ನೋಡೋಣ’ ಎನ್ನುವವರೇ ಹೆಚ್ಚು. ಒಂದು ಮೀಟರ್ ಉದ್ದದ ಟ್ಯಾಂಕಿನಲ್ಲಿ ನೀಲಿ ಟ್ಯಾಂಗ್ ಮೀನು ಗಾಜಿನಿಂದ ಗಾಜಿಗೆ ಶತಪಥ ಹಾಕುವ ದೃಶ್ಯ ಹುಟ್ಟುವುದು ಈ ‘ಆಮೇಲೆ’ಯಿಂದಲೇ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಆ ಮೀನು ಬೆಳೆದು ಸುಮಾರು 30 ಸೆಂಟಿಮೀಟರ್ ಆಗುತ್ತದೆ, ದಿನವಿಡೀ ಈಜುತ್ತಲೇ ಇರುತ್ತದೆ. ಅದು ಬೇಕೆಂದರೆ ಟ್ಯಾಂಕಿನ ಉದ್ದ ಅಲ್ಲಿಗೇ ತೀರ್ಮಾನವಾಯಿತು. ಎರಡು ಮೀಟರಿಗೆ ಹತ್ತಿರ ಇರಲೇಬೇಕು.

ಹವಳದ ವಿಷಯ ಇನ್ನೂ ಸೂಕ್ಷ್ಮ. ಹವಳ ಜೆಲ್ಲಿಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಪಾಲಿಪ್ ಎಂಬ ಅದರ ಒಂದೊಂದು ಪುಟ್ಟ ಘಟಕಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಎಳೆಯಂಥ ಕೈಗಳು. ಅದರ ಜೀವಕೋಶಗಳೊಳಗೆ ಏಕಕೋಶದ ಪಾಚಿಗಳು ಬಿಡಾರ ಹೂಡಿರುತ್ತವೆ. ಬೆಳಕಿನಿಂದ ಸಕ್ಕರೆ ತಯಾರಿಸಿ ಮನೆಯ ಯಜಮಾನನಿಗೆ ಬಾಡಿಗೆ ಕೊಟ್ಟಂತೆ ಕೊಡುತ್ತವೆ. ನೀರು ಬಿಸಿಯೇರಿದಾಗ ಈ ಒಪ್ಪಂದ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ದಬ್ಬುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ಸಮುದ್ರದಲ್ಲಿ ನಡೆಯುವ ಈ ಅನಾಹುತವನ್ನು ಮನೆಯಲ್ಲಿ ನಡೆಸಲು ಕೆಟ್ಟುಹೋದ ಒಂದು ಹೀಟರ್ ಸಾಕು.

ಹವ್ಯಾಸಿಗಳು ಹವಳಗಳನ್ನು ಮೂರು ಗುಂಪು ಮಾಡಿಕೊಂಡಿದ್ದಾರೆ. ಗಟ್ಟಿ ಅಸ್ಥಿಪಂಜರವಿಲ್ಲದ ಮೃದು ಹವಳಗಳು. ದೊಡ್ಡ ಪಾಲಿಪ್‌ನ ಕಲ್ಲುಹವಳಗಳು, ಅಂದರೆ ಎಲ್‌ಪಿಎಸ್. ಸಣ್ಣ ಪಾಲಿಪ್‌ನ ಕಲ್ಲುಹವಳಗಳು, ಅಂದರೆ ಎಸ್‌ಪಿಎಸ್. ಅಕ್ರೊಪೊರಾದಂಥ ಕವಲುಕವಲಿನ ಹವಳಗಳು ಮೂರನೆಯ ಗುಂಪಿನವು. ಮೊದಲನೆಯ ಗುಂಪು ತುಸು ಕೊಳಕು ನೀರನ್ನೂ ಮಂದ ಬೆಳಕನ್ನೂ ಸಹಿಸುತ್ತದೆ. ಮೂರನೆಯದಕ್ಕೆ ಪ್ರಖರ ಬೆಳಕು ಬೇಕು, ಬಿರುಸಾದ ಹರಿವು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ದಿನದಿಂದ ದಿನಕ್ಕೆ ಏರುಪೇರಾಗದ ನೀರು ಬೇಕು. ಮೂರನ್ನೂ ಒಂದೇ ಟ್ಯಾಂಕಿನಲ್ಲಿ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಮೃದು ಹವಳಗಳು ನೀರಿಗೆ ಬಿಡುವ ರಾಸಾಯನಿಕಗಳು ನೆರೆಯ ಕಲ್ಲುಹವಳವನ್ನು ಕುಗ್ಗಿಸುತ್ತವೆ. ಕೆಲವು ಎಲ್‌ಪಿಎಸ್‌ಗಳು ರಾತ್ರಿ ಗೇಣುದ್ದದ ಚುಚ್ಚುಬಳ್ಳಿ ಚಾಚಿ ಪಕ್ಕದವರನ್ನು ಸುಡುತ್ತವೆ. ಯಾವ ಗುಂಪು ಮುಖ್ಯ ಎಂದು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಅಳತೆಪಟ್ಟಿ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ತೂಕ, ಎತ್ತರ, ಗಾಜು

ಒಂದು ಅಳತೆ ಇಟ್ಟುಕೊಂಡು ಲೆಕ್ಕ ಹಾಕೋಣ: ಉದ್ದ 180, ಅಗಲ 75, ಎತ್ತರ 60 ಸೆಂಟಿಮೀಟರ್. ಇದರ ಗಾತ್ರ 810 ಲೀಟರ್. ಸಮುದ್ರದ ನೀರು ಲೀಟರಿಗೆ ಒಂದು ಕಿಲೊಗಿಂತ ಕೊಂಚ ಹೆಚ್ಚು ತೂಗುವುದರಿಂದ ನೀರೇ ಸುಮಾರು 830 ಕಿಲೊ. 15 ಮಿಲಿಮೀಟರ್ ದಪ್ಪದ ಗಾಜು ಇನ್ನೊಂದು 165 ಕಿಲೊ. ಕಲ್ಲು, ಮರಳು, ಸ್ಟ್ಯಾಂಡು, ಸಂಪು ಎಂಬ ಕೆಳಗಿನ ಇನ್ನೊಂದು ತೊಟ್ಟಿ, ಅದರೊಳಗಿನ ನೀರು ಎಲ್ಲ ಕೂಡಿಸಿದರೆ 1,400 ಕಿಲೊ ಆಸುಪಾಸಿಗೆ ಬರುತ್ತದೆ. ಇದು ಕೂರುವ ಜಾಗ 1.35 ಚದರ ಮೀಟರ್ ಮಾತ್ರ. ಅಂದರೆ ಪ್ರತಿ ಚದರ ಮೀಟರಿಗೆ ಒಂದು ಟನ್ನಿಗೂ ಹೆಚ್ಚು. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕಿಲೊ ಬಳಕೆಯ ಭಾರ ಹೊರಲಿ ಎಂದು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಗಾಬರಿಯಾಗಬೇಕಿಲ್ಲ. ಆ 200 ಕಿಲೊ ಎಂಬುದು ಇಡೀ ಕೋಣೆಗೆ ಹರಡಿದ ಲೆಕ್ಕ. ಟ್ಯಾಂಕು ಒಂದು ಮೂಲೆಯಲ್ಲಿ ಕೂತು ಉಳಿದ ನೆಲ ಖಾಲಿ ಇದ್ದರೆ ಪರಿಸ್ಥಿತಿ ಬೇರೆ. ಭಾರ ಹೊರುವ ಗೋಡೆಗೆ ಅಥವಾ ತೊಲೆಗೆ ಒತ್ತಿಕೊಂಡಿದ್ದರೆ ಇನ್ನೂ ಬೇರೆ. ಮರದ ನೆಲವಾದರೆ ಜಂತಿಗಳಿಗೆ ಅಡ್ಡಲಾಗಿ ಇಡಬೇಕು, ಆಗ ಭಾರ ಹಲವು ಜಂತಿಗಳಿಗೆ ಹಂಚಿಹೋಗುತ್ತದೆ. ನೆಲಮಹಡಿಯಲ್ಲಿ, ಭೂಮಿಯ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟಿನ ಮೇಲಾದರೆ ಚಿಂತೆ ಬಹುಪಾಲು ತಪ್ಪಿತು. ಮಹಡಿಯ ಮೇಲಾದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಇಡೀ ಯೋಜನೆಯಲ್ಲಿ ಅಂದಾಜಿನ ಮೇಲೆ ಬಿಡಬಾರದ ವಿಷಯ ಇದು.

ಎತ್ತರದ ಬಗ್ಗೆ ಒಂದು ಸೋಜಿಗ. ಗಾಜಿನ ಮೇಲಿನ ಒತ್ತಡಕ್ಕೂ ಹಿಂದೆ ಎಷ್ಟು ನೀರಿದೆ ಎಂಬುದಕ್ಕೂ ಸಂಬಂಧವಿಲ್ಲ. ನೀರಿನ ಆಳವೇ ಅದನ್ನು ನಿರ್ಧರಿಸುತ್ತದೆ. ಒಂದು ಗಾಜಿನ ಮೇಲೆ ಬೀಳುವ ಒಟ್ಟು ಬಲ ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಟ್ಯಾಂಕು 60 ಸೆಂಟಿಮೀಟರ್ ತುಂಬಿದ್ದರೆ ಮುಂಗಾಜನ್ನು ನೀರು ಸುಮಾರು 330 ಕಿಲೊ ಭಾರದಷ್ಟು ಹೊರಗೆ ದೂಡುತ್ತದೆ. ಎತ್ತರವನ್ನು 75ಕ್ಕೆ ಏರಿಸಿದರೆ ಅದು ಸುಮಾರು 520 ಕಿಲೊ. ಹದಿನೈದು ಸೆಂಟಿಮೀಟರಿಗೆ 190 ಕಿಲೊ ಹೆಚ್ಚುವರಿ! ಇದನ್ನು ತಡೆಯಲು ಗಾಜು ದಪ್ಪವಾಗಬೇಕು, ತಳ ಮುಟ್ಟುವ ಹಾಗೆ ಬೆಳಕು ಹೆಚ್ಚಾಗಬೇಕು, ತೋಳೂ ಉದ್ದವಾಗಬೇಕು. ಕೊನೆಯದು ತಮಾಷೆಯಲ್ಲ. ಭುಜದಿಂದ ಬೆರಳ ತುದಿಗೆ ಅಳೆದುಕೊಳ್ಳಿ. ಮರಳಿನ ಮೇಲೆ ಬಿದ್ದ ಹವಳದ ತುಂಡನ್ನು ಎತ್ತಲು ಪ್ರತಿ ಸಲ ಸ್ಟೂಲು ಹತ್ತಿ ಮುಖ ಮುಳುಗಿಸಬೇಕಾಗಿ ಬಂದರೆ, ಮೂರು ತಿಂಗಳಲ್ಲಿ ಅದು ಅಲ್ಲೇ ಬಿದ್ದಿರಲಿ ಅನ್ನಿಸುತ್ತದೆ. ನನ್ನ ಮಟ್ಟಿಗೆ, ಕೈಯಲ್ಲಿರುವ ಹಣವನ್ನು ಎತ್ತರಕ್ಕಿಂತ ಅಗಲಕ್ಕೆ ಸುರಿಯುವುದೇ ಜಾಣತನ. ಅಗಲ ಹೆಚ್ಚಿದಷ್ಟೂ ಕಲ್ಲಿನ ಜೋಡಣೆಗೆ ಆಳ ಬರುತ್ತದೆ, ಮೀನಿಗೆ ತಿರುಗಲು ಜಾಗ ಸಿಗುತ್ತದೆ.

ಗಾಜೋ ಅಕ್ರಿಲಿಕ್ಕೋ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಅಕ್ರಿಲಿಕ್ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಸುಲಭವಾಗಿ ಕೊರೆಯಬಹುದು. ಆದರೆ ಉಜ್ಜುವ ಸ್ಪಂಜಿಗೆ ಸಿಕ್ಕಿಕೊಂಡ ಒಂದು ಮರಳಿನ ಕಣ ಅದರ ಮೇಲೆ ಗೀರು ಎಳೆದುಬಿಡುತ್ತದೆ. ಎರಡು ಮೀಟರಿನವರೆಗೆ ಗಾಜೇ ಸಾಕು. ಮುಂಭಾಗಕ್ಕೆ ಕಬ್ಬಿಣದಂಶ ಕಡಿಮೆ ಇರುವ ಗಾಜು ಹಾಕಿಸಿದರೆ ಮಾಮೂಲಿ ಗಾಜಿನ ಹಸಿರುಛಾಯೆ ಇರುವುದಿಲ್ಲ. ದಪ್ಪವನ್ನು ಲೆಕ್ಕ ಹಾಕುವಾಗ ಒಡೆಯುವ ಮಿತಿಗಿಂತ ಸುಮಾರು 3.8 ಪಟ್ಟು ಸುರಕ್ಷತೆ ಇಟ್ಟುಕೊಳ್ಳುವುದು ರೂಢಿ. ಕಟ್ಟುವವರನ್ನು ಈ ಅಂಕಿಯನ್ನೇ ಕೇಳಿ, ತಡವರಿಸಿದರೆ ಬೇರೆಯವರನ್ನು ಹುಡುಕಿ. ಟೆಂಪರ್ ಮಾಡಿದ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ ಗಾಜಿಗೆ ಆಮೇಲೆ ತೂತು ಕೊರೆಯಲು ಹೋದರೆ ಅದು ಪುಡಿಪುಡಿಯಾಗುತ್ತದೆ. ಹಾಗಾಗಿ ಯಾವ ಗಾಜು, ಎಲ್ಲಿ ತೂತು ಎಂಬುದು ಒಟ್ಟಿಗೇ ನಿರ್ಧಾರವಾಗಬೇಕು.

ಇನ್ನು ಬಾಗಿಲು, ಮೆಟ್ಟಿಲಿನ ತಿರುವು. ಟ್ಯಾಂಕಿನ ಅಳತೆಗೆ ರಟ್ಟಿನ ಪೆಟ್ಟಿಗೆ ಮಾಡಿ ಹೊರಬಾಗಿಲಿನಿಂದ ಒಳಗೆ ಸಾಗಿಸಿ ನೋಡಿ. ನಗು ಬರಬಹುದು, ಆದರೆ ಗಾಜಿನ ಪೆಟ್ಟಿಗೆ ಮೆಟ್ಟಿಲಿನ ಮಧ್ಯೆ ಸಿಕ್ಕಿಕೊಂಡಾಗ ಯಾರೂ ನಗುವುದಿಲ್ಲ.

ಕೋಡಿ ಮತ್ತು ತೂಬು

ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಅಕ್ವೇರಿಯಂನಲ್ಲೂ ಅದೇ ಏರ್ಪಾಡು. ಮೇಲಿನ ಅಂಚಿನಲ್ಲಿ ಹಲ್ಲುಹಲ್ಲಿನ ಒಂದು ಕಟ್ಟೆ, ಅದನ್ನು ದಾಟಿದ ನೀರು ಪೈಪುಗಳ ಮೂಲಕ ಕೆಳಗಿನ ಸಂಪಿಗೆ ಇಳಿಯುತ್ತದೆ. ಸಂಪ್ ಎಂದರೆ ಇಲ್ಲಿ ನೆಲದಡಿಯ ತೊಟ್ಟಿಯಲ್ಲ. ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಹೀಟರ್, ಕಶ್ಮಲವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ನೋಡಲು ಚೆಂದವಿಲ್ಲದ ಎಲ್ಲ ಸಾಮಾನಿಗೂ ಅದೇ ಅಡಗುತಾಣ. ಅಲ್ಲಿಂದ ಒಂದು ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಗಂಟೆಗೆ ಟ್ಯಾಂಕಿನ ಗಾತ್ರದ ಮೂರರಿಂದ ಐದು ಪಟ್ಟು ನೀರು ಹೀಗೆ ಸುತ್ತಿದರೆ ಸಾಕು.

ಇಳಿಯುವ ಪೈಪು ಒಂದೇ ಇದ್ದರೆ ಅದು ಕಟ್ಟಿಕೊಂಡ ದಿನ ಮನೆಯೊಳಗೆ ಕೋಡಿ ಹರಿಯುತ್ತದೆ. ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಮೂರು ಪೈಪುಗಳ ವ್ಯವಸ್ಥೆ. ಮೊದಲನೆಯದು ಗಾಳಿಯೇ ಸೇರದಂತೆ ಪೂರ್ತಿ ತುಂಬಿ ಹರಿಯುವ ಸೈಫನ್. ಅದರ ಕೆಳಗಿನ ಗೇಟ್ ವಾಲ್ವನ್ನು ತಿರುಗಿಸಿ ಹರಿವನ್ನು ಹದಕ್ಕೆ ತರುತ್ತೇವೆ. ಗಾಳಿ ಇಲ್ಲದ್ದರಿಂದ ಗೊಳಗೊಳ ಸದ್ದೂ ಇಲ್ಲ. ಸೈಫನ್ ಹೊತ್ತು ಮಿಕ್ಕಿದ ತುಸು ನೀರು ಎರಡನೆಯ ಪೈಪಿನ ಗೋಡೆಗುಂಟ ಜಿನುಗುತ್ತದೆ. ಮೂರನೆಯದು ಸದಾ ಒಣಗಿರುತ್ತದೆ. ಮೊದಲ ಎರಡೂ ಕಟ್ಟಿಕೊಂಡ ಒಂದು ದಿನಕ್ಕಾಗಿ ಅದು ಕಾಯುತ್ತಿರುತ್ತದೆ. ಹವ್ಯಾಸಿಗಳ ಬಾಯಲ್ಲಿ ಇದರ ಹೆಸರು ‘ಬೀನ್ ಆನಿಮಲ್’. ಈ ಮೂರು ಪೈಪಿಗೂ ಮೂರು ತೂತು ಬೇಕಲ್ಲ, ಅದಕ್ಕೇ ಈ ತೀರ್ಮಾನ ಗಾಜು ಕತ್ತರಿಸುವ ಮೊದಲೇ ಆಗಬೇಕು.

ಕರೆಂಟು ಹೋದಾಗ ಏನಾಗುತ್ತದೆ? ಮೇಲೇರಿಸುವ ಪೈಪು ತಾನೇ ಹಿಮ್ಮುಖ ಸೈಫನ್ ಆಗುತ್ತದೆ. ಅದರ ಬಾಯಿ ನೀರಿನಿಂದ ಹೊರಬಂದು ಗಾಳಿ ಎಳೆದುಕೊಳ್ಳುವವರೆಗೂ ಟ್ಯಾಂಕಿನ ನೀರು ಕೆಳಗೆ ಹರಿಯುತ್ತಲೇ ಇರುತ್ತದೆ. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 13.5 ಲೀಟರ್. ಬಾಯಿ 20 ಸೆಂಟಿಮೀಟರ್ ಆಳದಲ್ಲಿದ್ದರೆ 270 ಲೀಟರ್ ಕೆಳಗಿಳಿಯುತ್ತದೆ. ಎರಡೇ ಸೆಂಟಿಮೀಟರ್ ಆಳದಲ್ಲಿದ್ದರೆ 27 ಲೀಟರ್. ಕಟ್ಟೆಯ ಮೇಲೆ ನಿಂತ ನೀರು, ಪೈಪಿನೊಳಗಿನ ನೀರು ಸೇರಿಸಿ 50–60 ಲೀಟರಿನಷ್ಟು ಜಾಗ ಸಂಪಿನಲ್ಲಿ ಯಾವಾಗಲೂ ಖಾಲಿ ಇರಬೇಕು.

ನನ್ನ ಮೊದಲ ಟ್ಯಾಂಕಿನಲ್ಲಿ ಪೈಪಿನ ಬಾಯಿಯನ್ನು ಆಳಕ್ಕೆ ಇಳಿಸಿ, ನೀರಿನ ಮಟ್ಟದ ಕೆಳಗೇ ಗಾಳಿ ಎಳೆಯಲೆಂದು ಪೈಪಿಗೆ ಸಣ್ಣದೊಂದು ರಂಧ್ರ ಕೊರೆದಿದ್ದೆ. ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಎಂಟು ತಿಂಗಳು ನಡೆಯಿತು ಕೂಡ. ಒಂದು ರಾತ್ರಿ ಕರೆಂಟು ಹೋಯಿತು; ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ತಣ್ಣಗೆ. ನಾಲಿಗೆಗೆ ತಾಗಿಸಿ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ, ಉಪ್ಪು. ರಂಧ್ರದ ಮೇಲೆ ಕಾಳುಮೆಣಸಿನ ಗಾತ್ರದ ಒಂದು ಬಸವನಹುಳು ಹಾಯಾಗಿ ಅಂಟಿಕೊಂಡಿತ್ತು. ಅಂದಿನಿಂದ ರಂಧ್ರವನ್ನೂ ನಂಬುವುದಿಲ್ಲ, ಒಮ್ಮುಖ ಕವಾಟವನ್ನೂ ನಂಬುವುದಿಲ್ಲ. ಉಪ್ಪುನೀರಿನಲ್ಲಿ ಎರಡೂ ಎಂದಾದರೊಂದು ದಿನ ಕಟ್ಟಿಕೊಳ್ಳುತ್ತವೆ. ಪೈಪಿನ ಬಾಯಿ ಮೇಲ್ಮೈಗೆ ಹತ್ತಿರ ಇರಲಿ, ಸಂಪಿನಲ್ಲಿ ಜಾಗ ಇರಲಿ, ಅಷ್ಟೇ. ಹೊಸ ಟ್ಯಾಂಕಿಗೆ ಮೊದಲು ಸಿಹಿನೀರು ತುಂಬಿ, ಬೇಕೆಂದೇ ಪ್ಲಗ್ ಕಿತ್ತು, ಪಕ್ಕದಲ್ಲಿ ಕೂತು ನೋಡಿ. ಹತ್ತು ಸಲ.

ಸಂಪಿನೊಳಗೆ ಮುಖ್ಯ ಯಂತ್ರ ಪ್ರೋಟೀನ್ ಸ್ಕಿಮ್ಮರ್. ಅಲೆಗಳು ದಡಕ್ಕೆ ನೊರೆ ತಂದು ಹಾಕುವುದನ್ನು ನೋಡಿದವರಿಗೆ ಇದರ ತತ್ವ ಗೊತ್ತಿದೆ. ಒಂದು ಕೊಳವೆಯಲ್ಲಿ ಲಕ್ಷಾಂತರ ಪುಟ್ಟ ಗುಳ್ಳೆಗಳನ್ನು ಎಬ್ಬಿಸಿದರೆ ಕರಗಿದ ಸಾವಯವ ಕಶ್ಮಲ ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರಿ, ಕಂದು ನೊರೆಯಾಗಿ ಬಟ್ಟಲಿನಲ್ಲಿ ಬೀಳುತ್ತದೆ. ಕೊಳೆತು ಅಮೋನಿಯಾ ಆಗುವ ಮೊದಲೇ ಅದನ್ನು ಹೊರಗೆ ಹಾಕುವ ಉಪಾಯ ಇದು. ಸಿಹಿನೀರಿನಲ್ಲಿ ಅಷ್ಟು ಸಣ್ಣ ಗುಳ್ಳೆಗಳು ನಿಲ್ಲುವುದಿಲ್ಲ, ಆದ್ದರಿಂದ ಉಪ್ಪುನೀರಿನವರಿಗೆ ಮಾತ್ರ ಈ ಸೌಲಭ್ಯ. ಸ್ಟ್ಯಾಂಡಿನ ಎತ್ತರ ನಿಗದಿ ಮಾಡುವಾಗ ಸ್ಕಿಮ್ಮರಿನ ಎತ್ತರದ ಮೇಲೆ ಇನ್ನೂ 15 ಸೆಂಟಿಮೀಟರ್ ಬಿಡಿ. ಬಟ್ಟಲನ್ನು ಮೇಲಕ್ಕೆ ಎತ್ತಿ ತೆಗೆಯಬೇಕಾಗುತ್ತದೆ ಎಂಬುದು ಬಡಗಿಗೆ ಹೇಗೆ ಗೊತ್ತಾಗಬೇಕು?

ನೀರು ಬರುವ ದಾರಿ, ಹೋಗುವ ದಾರಿ

ನಲ್ಲಿಯ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್, ಕೆಲವೊಮ್ಮೆ ತಾಮ್ರವೂ ಇರುತ್ತದೆ. ಮೊದಲ ಮೂರು ಪಾಚಿಗೆ ಹಬ್ಬದೂಟ, ಕೊನೆಯದು ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಆರ್‌ಒ ಪೊರೆಯ ನಂತರ ಉಳಿದ ಲವಣಗಳನ್ನು ಹಿಡಿಯುವ ಡಿಅಯೊನೈಸಿಂಗ್ ರಾಳದ ಮೂಲಕವೂ ಹಾಯ್ದು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ಕುಡಿಯುವ ನೀರಿನ ಯಂತ್ರ ಅಷ್ಟು ದೂರ ಹೋಗುವುದಿಲ್ಲ.

ಸಂಪಿನದೂ ಸೇರಿ 900 ಲೀಟರ್ ಎಂದುಕೊಳ್ಳಿ. ಗುರಿ ಸಾವಿರಕ್ಕೆ 35 ಪಾಲು ಲವಣಾಂಶ. ಸಿದ್ಧ ಉಪ್ಪಿನ ಮಿಶ್ರಣದಲ್ಲಿ ತೇವವೂ ಇರುವುದರಿಂದ ಲೀಟರಿಗೆ 38–40 ಗ್ರಾಂ ಬೇಕಾಗುತ್ತದೆ. ಮೊದಲ ಸಲ ತುಂಬಲು ಸುಮಾರು 35 ಕಿಲೊ. ಆಮೇಲೆ ಪ್ರತಿ ಹತ್ತು ಶೇಕಡ ನೀರು ಬದಲಾವಣೆಗೆ 90 ಲೀಟರ್ ಸಿದ್ಧವಿರಬೇಕು. ಇದನ್ನು ಬಕೆಟ್ಟಿನಲ್ಲಿ ಹೊರುತ್ತೇನೆ ಎನ್ನುವ ಉತ್ಸಾಹ ಮೂರನೆಯ ತಿಂಗಳಿಗೆ ಇಳಿಯುತ್ತದೆ. ನೀರಿನ ನಲ್ಲಿಯೂ ಚರಂಡಿಯೂ ಇರುವ ಕಡೆ ಎರಡು ಡ್ರಮ್ಮು, ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಕಲಸಿದ ಉಪ್ಪುನೀರು, ಅಲ್ಲಿಂದ ಟ್ಯಾಂಕಿಗೆ ಪೈಪು: ಇದಕ್ಕೆ ಜಾಗ ನಕ್ಷೆಯಲ್ಲೇ ಇರಬೇಕು. ಇಲ್ಲದಿದ್ದರೆ ನೀರು ಬದಲಾವಣೆಯ ಕೆಲಸ ಮುಂದೂಡುತ್ತಲೇ ಹೋಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ.

ಇಷ್ಟು ದೊಡ್ಡ ತೆರೆದ ಟ್ಯಾಂಕಿನಿಂದ ದಿನಕ್ಕೆ ಎಂಟು ಹತ್ತು ಲೀಟರ್ ಆವಿಯಾಗಬಹುದು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಮರುತುಂಬುವುದು ಸದಾ ಸಿಹಿನೀರಿನಿಂದ. ಸಂಪಿನಲ್ಲಿ ಮಟ್ಟ ನೋಡುವ ಸಂವೇದಕ ಮತ್ತು ಒಂದು ಪುಟ್ಟ ಪಂಪು ಈ ಕೆಲಸ ಮಾಡುತ್ತವೆ. ಸಂವೇದಕ ಕೆಟ್ಟರೆ? ಪಂಪು ನಿಲ್ಲದೆ ಓಡುತ್ತದೆ. ಆಗ ಆಪತ್ತಿನ ಗಾತ್ರವನ್ನು ನಿರ್ಧರಿಸುವುದು ಸಿಹಿನೀರಿನ ತೊಟ್ಟಿಯ ಗಾತ್ರ. ಅದು 25 ಲೀಟರಿನದಾದರೆ ಲವಣಾಂಶ 35ರಿಂದ 34ಕ್ಕೆ ಇಳಿಯುತ್ತದೆ, ಹವಳಗಳು ಸಹಿಸುತ್ತವೆ. ಪಂಪನ್ನು ನೇರವಾಗಿ 200 ಲೀಟರಿನ ಡ್ರಮ್ಮಿಗೆ ಜೋಡಿಸಿದ್ದರೆ ಕಥೆ ಬೇರೆ. ಅಂದ ಹಾಗೆ, ಆ ಹತ್ತು ಲೀಟರ್ ಎಲ್ಲೂ ಮಾಯವಾಗುವುದಿಲ್ಲ: ತಿಂಗಳಿಗೆ 300 ಲೀಟರ್ ತೇವ ಕೋಣೆಯ ಗಾಳಿಗೆ ಸೇರುತ್ತದೆ. ಗಾಳಿಯಾಡದ ಕೋಣೆಯಾದರೆ ಗೋಡೆಗೆ ಬೂಷ್ಟು ಬರುತ್ತದೆ.

ಕಲ್ಲಿನೊಳಗಿನ ಕೆಲಸಗಾರರು

ಮೀನಿನ ಮಲ ಮೂತ್ರ, ತಿನ್ನದೆ ಉಳಿದ ಆಹಾರ ಅಮೋನಿಯಾ ಆಗುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಇವೆರಡೂ ಆಮ್ಲಜನಕ ಇರುವ ಮೇಲ್ಮೈಯಲ್ಲಿ ನಡೆಯುವ ಕೆಲಸ. ರಂಧ್ರಮಯ ಕಲ್ಲಿನ ಒಳಗೆ, ಆಮ್ಲಜನಕ ತಲುಪದ ಕಡೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಕಲ್ಲು ಅಲಂಕಾರಕ್ಕಲ್ಲ, ಅದೇ ಫಿಲ್ಟರ್. ಜಕಾರ್ತದ ಲೀ ಚಿನ್ ಎಂಗ್ ಎಂಬುವರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಷ್ಟರಿಂದಲೇ ಟ್ಯಾಂಕು ನಡೆಸುವ ಬಗೆಯನ್ನು 1961ರಲ್ಲಿ ಬರೆದು ತೋರಿಸಿದ್ದರು. ಆಗ ಹೆಚ್ಚಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದೆ ಬರ್ಲಿನ್‌ನ ಹವ್ಯಾಸಿಗಳು ಅದೇ ಕಲ್ಲಿಗೆ ಬಲವಾದ ಸ್ಕಿಮ್ಮರ್ ಜೋಡಿಸಿದಾಗ ಮನೆಯಲ್ಲಿ ಕಲ್ಲುಹವಳ ಬೆಳೆಸುವುದು ಸಾಧ್ಯವಾಯಿತು. ಇಂದಿಗೂ ಬಹುತೇಕ ಟ್ಯಾಂಕುಗಳ ಅಡಿಪಾಯ ಈ ‘ಬರ್ಲಿನ್ ಪದ್ಧತಿ’ಯೇ.

ಕಲ್ಲನ್ನು ಮರಳು ಹಾಕುವ ಮೊದಲೇ, ನೇರ ತಳದ ಮೇಲೆ ಕೂರಿಸಬೇಕು. ಮರಳಿನ ಮೇಲೆ ಇಟ್ಟರೆ ಬಿಲ ತೋಡುವ ಮೀನು ಒಂದು ದಿನ ಅಡಿಪಾಯವನ್ನೇ ಅಗೆದುಹಾಕುತ್ತದೆ. ಗಾಜಿಗೂ ಕಲ್ಲಿಗೂ ನಡುವೆ ಉಜ್ಜುವ ಮ್ಯಾಗ್ನೆಟ್ ಓಡಾಡುವಷ್ಟು ಜಾಗ ಬಿಡಿ. ಹವಳ ಬೆಳೆಯುತ್ತದೆ ಎಂಬುದನ್ನು ನೆನಪಿಟ್ಟು ಇನ್ನಷ್ಟು ಬಿಡಿ.

ನೀರು, ಉಪ್ಪು, ಕಲ್ಲು ಸೇರಿದ ಮೇಲೆ ಅಮೋನಿಯಾವನ್ನು 2 ಪಿಪಿಎಂಗೆ, ಅಂದರೆ ಹತ್ತು ಲಕ್ಷಕ್ಕೆ ಎರಡು ಪಾಲಿಗೆ ಏರಿಸಿ ಕಾಯಬೇಕು. ಒಂದೇ ದಿನದಲ್ಲಿ ಅದು ಸೊನ್ನೆಗೆ ಇಳಿಯುವ ಮಟ್ಟಿಗೆ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಲ್ಲಿಗೆ ಮುಗಿಯಿತೆಂದುಕೊಂಡವರಿಗೆ ಮುಂದಿನ ಕೆಲವು ತಿಂಗಳು ಪರೀಕ್ಷೆಯ ಕಾಲ: ಮೊದಲು ಕಂದು ಡಯಾಟಮ್ ಪೊರೆ, ಆಮೇಲೆ ಕೂದಲಿನಂಥ ಹಸಿರು ಪಾಚಿ. ಇದನ್ನು ನೋಡಲಾಗದೆ ಬಾಟಲಿ ಔಷಧಿಗಳನ್ನು ಸುರಿದು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದರೆ ಅದಕ್ಕಿಂತ ಕೆಟ್ಟ ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು, ಅಂಟು ಅಂಟಾದ ಲೋಳೆಯ ರೂಪದಲ್ಲಿ ಬಂದು ಕೂರುತ್ತವೆ. ಬಸವನಹುಳುಗಳನ್ನು ಬಿಟ್ಟು, ಕೈಯಿಂದ ಕಿತ್ತು, ತಾಳ್ಮೆಯಿಂದಿರುವುದೇ ಮದ್ದು. ಅಕ್ರೊಪೊರಾ ತರಲು ಆರು ತಿಂಗಳಾದರೂ ಕಾಯುವುದು ಲೇಸು.

ಹವಳದ ಜಮಾಖರ್ಚು

ಕಲ್ಲುಹವಳ ಬೆಳೆಯುವುದೆಂದರೆ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಹೀರಿಕೊಂಡು ಸುಣ್ಣದ ಕಲ್ಲು ಕಟ್ಟುವುದು. ಸಮುದ್ರಕ್ಕೆ ಅದು ಲೆಕ್ಕಕ್ಕೇ ಇಲ್ಲದ ಖರ್ಚು. 900 ಲೀಟರಿನ ಟ್ಯಾಂಕಿಗೆ ಭಾರಿ ಖರ್ಚು. ಕಾಯ್ದುಕೊಳ್ಳಬೇಕಾದ ಅಂಕಿಗಳು ಸುಮಾರಾಗಿ ಹೀಗೆ: ಕ್ಷಾರೀಯತೆ (ಮುಖ್ಯವಾಗಿ ಬೈಕಾರ್ಬನೇಟ್‌ನ ಪ್ರಮಾಣ; ಅದರ ಅಳತೆಮಾನ ಡಿಕೆಎಚ್) 8–9 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1,300ರ ಆಸುಪಾಸು, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್.

ಇವುಗಳಲ್ಲಿ ಮೊದಲು ಕರಗುವುದು ಕ್ಷಾರೀಯತೆ. ಯಾಕೆಂದರೆ ಖರ್ಚಿನ ಅನುಪಾತ ಕಟ್ಟುನಿಟ್ಟಾಗಿದೆ: ಕ್ಷಾರೀಯತೆ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ 20 ಪಿಪಿಎಂ ಇಳಿಯುತ್ತದೆ. 420ರಲ್ಲಿ 20 ಹೋದರೆ ಏನೂ ಅಲ್ಲ, ಎಂಟರಲ್ಲಿ 2.8 ಹೋದರೆ ಮೂರನೆಯ ಒಂದು ಪಾಲೇ ಹೋಯಿತು. ಹವಳ ತುಂಬಿದ ಟ್ಯಾಂಕು ದಿನಕ್ಕೆ ಒಂದು ಡಿಕೆಎಚ್ ಕುಡಿಯುವುದು ಸಾಮಾನ್ಯ. ಅಷ್ಟನ್ನು ಮರಳಿ ತುಂಬಲು 900 ಲೀಟರಿಗೆ ದಿನಕ್ಕೆ ಸುಮಾರು 27 ಗ್ರಾಂ ಅಡಿಗೆ ಸೋಡಾ ಬೇಕು, ಜೊತೆಗೆ ಅದಕ್ಕೆ ಹೊಂದುವಷ್ಟು ಕ್ಯಾಲ್ಸಿಯಂ ಕ್ಲೋರೈಡ್. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ಬೇರೆ ಬೇರೆ ಹೊತ್ತಿನಲ್ಲಿ ಹನಿಹನಿಯಾಗಿ ಹಾಕುವ ಡೋಸಿಂಗ್ ಪಂಪುಗಳಿವೆ. ಒಟ್ಟಿಗೆ ಸುರಿದರೆ ಅಲ್ಲೇ ಬಿಳಿ ಸುಣ್ಣವಾಗಿ ತಳ ಸೇರುತ್ತದೆ.

ನನಗೆ ಮೆಚ್ಚುಗೆಯಾಗುವುದು ಹಳೆಯ ದಾರಿ: ಸುಣ್ಣದ ತಿಳಿನೀರು. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಶುದ್ಧ ನೀರಿಗೆ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನು ಆವಿಯಾದ ನೀರಿನ ಬದಲು ಹನಿಸುತ್ತಾರೆ. ಕ್ಯಾಲ್ಸಿಯಂ, ಕ್ಷಾರೀಯತೆ ಎರಡೂ ಹವಳಕ್ಕೆ ಬೇಕಾದ ಅನುಪಾತದಲ್ಲೇ ಸಿಗುತ್ತವೆ, ಪಿಎಚ್ ಕೂಡ ಏರುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಎಷ್ಟು ಆವಿಯಾಯಿತೋ ಅಷ್ಟೇ ಹಾಕಬಹುದು. ದಿನಕ್ಕೆ ಹತ್ತು ಲೀಟರ್ ಪೂರ್ಣ ತಿಳಿ ಹಾಕಿದರೂ ನಮ್ಮ ಟ್ಯಾಂಕಿಗೆ ಸಿಗುವುದು ಸುಮಾರು 1.2 ಡಿಕೆಎಚ್. ಇನ್ನೊಂದು ಮಾತು: ಆ ತಿಳಿಯ ಪಿಎಚ್ 12ಕ್ಕೂ ಮೇಲೆ. ಮರುತುಂಬುವ ಸಂವೇದಕ ಕೆಟ್ಟರೆ ಬರುವ ಆಪತ್ತು ಬರೀ ಸಿಹಿನೀರಿನದಾಗಿರುವುದಿಲ್ಲ.

ಎರಡು ದಿನಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕ್ಷಾರೀಯತೆ 7.5 ಇದ್ದರೂ ಹವಳ ಬದುಕುತ್ತದೆ, 9.5 ಇದ್ದರೂ ಬದುಕುತ್ತದೆ. ಒಂದೇ ವಾರದಲ್ಲಿ ಅದರಿಂದ ಇದಕ್ಕೆ ಜಿಗಿದರೆ ತುದಿಗಳು ಸುಟ್ಟು ಬೆಳ್ಳಗಾಗುತ್ತವೆ.

ಬೆಳಕು, ಹರಿವಿನ ಬಗ್ಗೆ ಇಷ್ಟು ಸಾಕು. ಬೆಳಕನ್ನು ಅಳೆಯುವುದು ಪಾರ್ ಎಂಬ ಅಂಕಿಯಲ್ಲಿ, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಪ್ರಮಾಣದಲ್ಲಿ. ಮೃದು ಹವಳಗಳಿಗೆ ಮತ್ತು ಎಲ್‌ಪಿಎಸ್‌ಗಳಿಗೆ 50–150, ಎಸ್‌ಪಿಎಸ್‌ಗಳಿಗೆ 200–400. ನೀರು ಕೆಂಪನ್ನು ಬೇಗ ನುಂಗಿ ನೀಲಿಯನ್ನು ಆಳಕ್ಕೆ ಬಿಡುವುದರಿಂದ ಹವಳದ ಪಾಚಿಗಳು ನೀಲಿಗೆ ಒಗ್ಗಿಕೊಂಡಿವೆ. ಹೊಸ ಎಲ್‌ಇಡಿಯನ್ನು ಮೊದಲ ದಿನವೇ ಪೂರ್ತಿ ಉರಿಸಬೇಡಿ. ಹರಿವು ಟ್ಯಾಂಕಿನೊಳಗೆ ಗಂಟೆಗೆ 20–40 ಪಟ್ಟು, ಅದೂ ಒಂದೇ ದಿಕ್ಕಿಗೆ ಕೊಳಾಯಿ ಬಿಟ್ಟಂತಲ್ಲ, ಅಲೆಯಂತೆ ಅತ್ತಿತ್ತ.

ಕರೆಂಟು ಹೋದಾಗ

ಬೆಚ್ಚಗಿನ ಸಮುದ್ರದ ನೀರು ಲೀಟರಿಗೆ ಏಳು ಮಿಲಿಗ್ರಾಂ ಆಮ್ಲಜನಕವನ್ನೂ ಹಿಡಿದಿಡಲಾರದು. ಪಂಪುಗಳು ನಿಂತ ಮೇಲೆ ತುಂಬಿದ ಟ್ಯಾಂಕಿನಲ್ಲಿ ಮೀನುಗಳು ಮೊದಲು ಸಾಯುವುದು ಚಳಿಗಲ್ಲ, ಕತ್ತಲಿಗಲ್ಲ, ಉಸಿರುಗಟ್ಟಿ. ಅದೂ ಕೆಲವೇ ಗಂಟೆಗಳಲ್ಲಿ. ಎಲ್ಲ ಯಂತ್ರಗಳಿಗೂ ಬ್ಯಾಟರಿ ಬೇಕಾಗಿಲ್ಲ. ನೀರಿನ ಮೇಲ್ಮೈಯನ್ನು ಕಲಕುವ 25 ವ್ಯಾಟಿನ ಒಂದು ಅಲೆ ಪಂಪು ಓಡಿದರೆ ಸಾಕು, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಅದನ್ನು ಒಂದು ಇಡೀ ದಿನ ಓಡಿಸಬಲ್ಲದು.

ಹೀಟರಿನ ಕೆಟ್ಟ ಗುಣವೆಂದರೆ ಅದು ಕೆಡುವಾಗ ‘ಆನ್’ ಸ್ಥಿತಿಯಲ್ಲೇ ಅಂಟಿಕೊಳ್ಳುವುದು. ಒಂದು ದೊಡ್ಡದರ ಬದಲು ಎರಡು ಸಣ್ಣವನ್ನು ಹಾಕಿ, ಎರಡನ್ನೂ ಹೊರಗಿನ ಪ್ರತ್ಯೇಕ ನಿಯಂತ್ರಕಕ್ಕೆ ಜೋಡಿಸಿ. ಒಂದು ಅಂಟಿಕೊಂಡರೂ ಇಡೀ ಟ್ಯಾಂಕನ್ನು ಬೇಯಿಸುವ ತಾಕತ್ತು ಅದಕ್ಕಿರುವುದಿಲ್ಲ. ಪ್ಲಗ್‌ಗಳು ಸಂಪಿನ ಮೇಲಲ್ಲ, ಪಕ್ಕದ ಒಣ ಅಂಕಣದಲ್ಲಿರಲಿ. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಇಳಿಬಿದ್ದು ಮತ್ತೆ ಮೇಲೇರಲಿ, ಆಗ ತಂತಿಗುಂಟ ಬಂದ ಹನಿ ಆ ಕೊಂಕಿನಲ್ಲೇ ಉದುರುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ರಕ್ಷಕ ಸ್ವಿಚ್ ಇಲ್ಲದೆ ಈ ನೀರಿಗೆ ಕೈ ಹಾಕಬಾರದು. ಆ ರಕ್ಷಕವೂ ಎರಡಿರಲಿ, ಉಪಕರಣಗಳು ಅವುಗಳ ನಡುವೆ ಹಂಚಿಹೋಗಲಿ. ರಾತ್ರಿ ಒಂದು ಕಡಿದುಕೊಂಡರೆ ಇನ್ನೊಂದರ ಮೇಲಿನ ಪಂಪು ಬೆಳಗಿನವರೆಗೆ ಕಾಪಾಡುತ್ತದೆ.

ಮೀನು ಕೊನೆಗೆ

ಕಲ್ಲುಹವಳಗಳೆಲ್ಲವೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿವೆ. ಆಯಾ ದೇಶದ ಕಾನೂನು ಅದಕ್ಕಿಂತ ಬಿಗಿಯಾಗಿರಬಹುದು. ಮೊದಲು ಅದನ್ನು ತಿಳಿದುಕೊಂಡು, ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳನ್ನು ಮಾತ್ರ ಕೊಳ್ಳಿ. ಅವು ಸಮುದ್ರದಿಂದ ಕಿತ್ತು ತಂದವುಗಳಿಗಿಂತ ಬೇಗ ಒಗ್ಗಿಕೊಳ್ಳುತ್ತವೆ ಕೂಡ. ಜೊವಾಂಥಿಡ್ ಎಂಬ, ಅಂಗಿಯ ಗುಂಡಿಯಂಥ ಹವಳಗಳ ಬಗ್ಗೆ ಎಚ್ಚರ: ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ತೀಕ್ಷ್ಣ ವಿಷವಿದೆ. ಹಳೆಯ ಕಲ್ಲನ್ನು ಶುಚಿ ಮಾಡಲೆಂದು ಕುದಿಸಿ, ಅದರ ಹಬೆ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಕಲ್ಲನ್ನು ಎಂದೂ ಕುದಿಸಬೇಡಿ. ಕೈಗವಸು, ಕನ್ನಡಕ ಇಲ್ಲದೆ ಇವುಗಳನ್ನು ಕತ್ತರಿಸಬೇಡಿ.

ಹೊಸ ಮೀನು ನೇರವಾಗಿ ಟ್ಯಾಂಕಿಗೆ ಹೋಗಬಾರದು. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಗೆ ಮದ್ದು ತಾಮ್ರ. ತಾಮ್ರ ಹವಳಕ್ಕೂ ಸೀಗಡಿಗೂ ಮಾರಕ. ಅಂದರೆ ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕರೆ ಅಲ್ಲೇ ಚಿಕಿತ್ಸೆ ಸಾಧ್ಯವಿಲ್ಲ. ಪ್ರತಿ ಮೀನನ್ನೂ ಬಲೆ ಹಾಕಿ ಹಿಡಿದು, ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು. ಕಲ್ಲಿನ ಸಂದಿಗೆ ನುಗ್ಗುವ ಮೀನನ್ನು ಹಿಡಿಯಲು ಒಮ್ಮೆ ಯತ್ನಿಸಿದವರು ಆಮೇಲೆ ಪ್ರತ್ಯೇಕವಾಸದ ಪುಟ್ಟ ಟ್ಯಾಂಕನ್ನು ಮನೆಯಲ್ಲಿ ಇಟ್ಟೇ ಇಡುತ್ತಾರೆ. ಸೌಮ್ಯ ಸ್ವಭಾವದವು ಮೊದಲು, ಜಗಳಗಂಟ ಟ್ಯಾಂಗುಗಳು ಕೊನೆಗೆ. ಮೊದಲು ಬಂದವರು ಜಾಗವನ್ನು ತಮ್ಮದೆಂದುಕೊಳ್ಳುತ್ತವೆ. ಮೇಲ್ಗಡೆ ಬಲೆಯ ಮುಚ್ಚಳ ಇರಲಿ, ರ‍್ಯಾಸ್ ಜಾತಿಯ ಮೀನುಗಳು ಹಾರುತ್ತವೆ.

ಉಳಿದದ್ದು, ನೀವು ಮನೆಯಲ್ಲಿಲ್ಲದ ದಿನಗಳ ಏರ್ಪಾಡು. ಮೀನಿನ ಆಹಾರವನ್ನು ದಿನಕ್ಕೊಂದು ಪುಟ್ಟ ಪೊಟ್ಟಣವಾಗಿ ಕಟ್ಟಿಡಿ, ಡಬ್ಬಿಯನ್ನು ಬಚ್ಚಿಡಿ. ಪಾಪ ಹಸಿದಿವೆ ಎಂದು ನೆರೆಯವರು ಮುಷ್ಟಿಗಟ್ಟಲೆ ಹಾಕುವುದು ಖಂಡಿತ. ಸ್ಟ್ಯಾಂಡಿನ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ, ದೊಡ್ಡ ಅಕ್ಷರಗಳಲ್ಲಿ ಬರೆಯಿರಿ: ‘ಕರೆಂಟು ಹೋದರೆ ನೆಲದ ಮೇಲೆ ನೀರಿದೆಯೇ ನೋಡಿ. ಇದ್ದರೆ ಕೆಂಪು ಪ್ಲಗ್ ಕಿತ್ತು ನನಗೆ ಫೋನ್ ಮಾಡಿ. ಸ್ಕಿಮ್ಮರಿನ ಬಟ್ಟಲು ತುಂಬಿದ್ದರೆ ಖಾಲಿ ಮಾಡಿ, ಮೂಗು ಮುಚ್ಚಿಕೊಳ್ಳಿ. ಉಳಿದ ಯಾವುದನ್ನೂ ಮುಟ್ಟಬೇಡಿ.’